ಐದು ಡ್ರಮ್ ಗಾಳಿ, ಅರ್ಧ ಲೋಟ ಪೆಟ್ರೋಲು

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ತೆರಕಣಾಂಬಿ ಮೇಲೆ ಹೋದರೆ ಸುಮಾರು 36 ಕಿ.ಮೀ. ದಾರಿ ಬಹುಪಾಲು ಸಮತಟ್ಟು. ಮುಂಗಾರಿನ ಆರಂಭದಲ್ಲಿ ಎರಡೂ ಕಡೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ಉಳಿದ ದಿನಗಳಲ್ಲಿ ಬಾಳೆ, ಅರಿಸಿನ, ತರಕಾರಿ. ಈ ರಸ್ತೆಯಲ್ಲಿ 2006ರಿಂದ ಒಂದೇ ಕಾರಿನಲ್ಲಿ ದಿನವೂ ಓಡಾಡಿದ ಗುಮಾಸ್ತರೊಬ್ಬರಿದ್ದಾರೆ. ಮನೆ ಚಾಮರಾಜನಗರದಲ್ಲಿ, ಕಚೇರಿ ಗುಂಡ್ಲುಪೇಟೆಯಲ್ಲಿ. ಕಾರು ಮಾರುತಿ 800. ಮೂರು ಸಿಲಿಂಡರ್, 796 ಸಿಸಿ, 37 ಅಶ್ವಶಕ್ತಿ. ಎರಡೂವರೆ ಲಕ್ಷ ಕಿ.ಮೀ. ದಾಟಿದ್ದ ಅದಕ್ಕೆ ಒಮ್ಮೆ ಪಿಸ್ಟನ್ ರಿಂಗ್ ಬದಲಾಯಿಸಿದ್ದೂ ಆಗಿತ್ತು. 15 ವರ್ಷ ತುಂಬಿದಾಗ, 2021ರಲ್ಲಿ, ನೋಂದಣಿಯನ್ನು ಮತ್ತೆ ಐದು ವರ್ಷಕ್ಕೆ ಮುಂದುವರಿಸಿಕೊಂಡು ಬಂದಿದ್ದರು. ಊಟದ ಡಬ್ಬಿ, ಛತ್ರಿ, ಕಚೇರಿಯ ಕಡತ, ಬರುವಾಗ ತೆರಕಣಾಂಬಿಯಲ್ಲಿ ಕೊಂಡ ತರಕಾರಿ ಚೀಲ. ಆ ಕಾರು ಇಷ್ಟನ್ನು ಬಿಟ್ಟು ಬೇರೆ ಭಾರ ಹೊತ್ತದ್ದು ಕಡಿಮೆ.

2022ರ ಮೇ ತಿಂಗಳಲ್ಲಿ ಹೊತ್ತಿತು. ಅಪ್ಪ, ಅಮ್ಮ, ಅಜ್ಜಿ, ಡಿಪ್ಲೊಮಾ ಮೆಕ್ಯಾನಿಕಲ್ ಎರಡನೇ ವರ್ಷದ ಮಗ, ಹೈಸ್ಕೂಲಿನ ಮಗಳು, ಹೀಗೆ ಐದು ಜನ ಊಟಿಗೆ ಹೊರಟರು. ಬಂಡೀಪುರ ದಾಟಿ, ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿ ಹಿಡಿದರು. 36 ಹಿಮ್ಮುರಿ ತಿರುವುಗಳ ಘಾಟಿ ಅದು. ಅರ್ಧಕ್ಕಿಂತ ಹೆಚ್ಚು ಏರಿದ ಮೇಲೆ ಒಂದು ತಿರುವಿನಲ್ಲಿ ಕಾರು ನಿಂತಿತು. ಮೊದಲನೇ ಗೇರು ಹಾಕಿ ಅದುಮಿದರೆ ಇಂಜಿನ್ ಕೂಗುತ್ತದೆ, ಗಾಡಿ ಮುಂದಕ್ಕೆ ಸರಿಯದು. ಹಿಂದೆ ಹಾರ್ನುಗಳ ಸಾಲು. ಅಮ್ಮ, ಮಗ ಇಳಿದರು. ಭಾರ ಕಡಿಮೆಯಾದ ಕಾರು ಹೇಗೋ ಮೇಲೆ ಹೋಗಿ ಅಗಲದ ಜಾಗದಲ್ಲಿ ನಿಂತಿತು. ಮೊಣಕಾಲು ನೋವಿನ ಅಮ್ಮ ಎರಡು ತಿರುವುಗಳಷ್ಟು ದೂರ ಸೀರೆಯ ನೆರಿಗೆ ಹಿಡಿದುಕೊಂಡು ಹತ್ತಿದರು. ಆಗ ಪಕ್ಕದಲ್ಲಿ ಸುಯ್ಯೆಂದು ಏರಿಹೋದ ಒಂದು ಟರ್ಬೊ ಡೀಸೆಲ್ ಗಾಡಿಯ ಕಿಟಕಿಯಿಂದ ಯಾರೋ ಕೈಬೀಸಿ ನಕ್ಕರು. ನಕ್ಕವರಿಗೆ ಅದು ನೆನಪಿರಲಾರದು. ಮಗನಿಗೆ ಊಟಿಯಲ್ಲಿ ಏನು ನೋಡಿದೆನೆಂಬುದೇ ನೆನಪಿಲ್ಲ, ಆ ನಗು ಮಾತ್ರ ನೆನಪಿದೆ.

ಊರಿಗೆ ಬಂದ ಮೇಲೆ ಅವನು ಮೂರು ವಾರ ಒಂದೇ ವಿಷಯ ಓದಿದ. ಕೊನೆಗೆ ಒಂದು ಕಾಗದದಲ್ಲಿ ಅಂದಾಜು ಪಟ್ಟಿ ಬರೆದು ಅಪ್ಪನ ಮುಂದಿಟ್ಟ. ಮೈಸೂರಿನ ಗುಜರಿ ಅಂಗಡಿಯಲ್ಲಿ ಹಳೆಯ ಜೀಪಿನ ಎರಡೂವರೆ ಲೀಟರ್ ಡೀಸೆಲ್ ಇಂಜಿನ್ನಿನ ಟರ್ಬೊ ಇದೆ, 6,500 ರೂಪಾಯಿ. ಪೈಪು, ಫ್ಲಾಂಜು, ಎಣ್ಣೆ ಕೊಳವೆ, ವೆಲ್ಡಿಂಗ್, ಕೂಲಿ ಎಲ್ಲ ಸೇರಿ 40 ಸಾವಿರ. ಮನೆಯಲ್ಲಿದ್ದ ಹಣವೆಂದರೆ ಒಂದು ಲಕ್ಷದ ಠೇವಣಿ. ಡಿಪ್ಲೊಮಾ ಮುಗಿದ ಮೇಲೆ ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರಿಸಲು ಅವನಿಗಾಗಿಯೇ ಇಟ್ಟದ್ದು. "ನನ್ನ ದುಡ್ಡೇ ತಾನೆ?" ಎಂದು ಮಗ ಕೇಳಿದ. ಅಪ್ಪ ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಕಡತವನ್ನು ಮೇಲಿನವರ ಅಭಿಪ್ರಾಯಕ್ಕೆ ಕಳುಹಿಸಿ ರೂಢಿಯಿದ್ದ ಮನುಷ್ಯ. ಶನಿವಾರ ಗುಂಡ್ಲುಪೇಟೆಗೆ ಬಾ ಎಂದರು.

ಗುಂಡ್ಲುಪೇಟೆ ಚಿಕ್ಕ ಊರಾದರೂ ಲಾರಿಗಳ ಮಟ್ಟಿಗೆ ದೊಡ್ಡ ಊರು. ಮೈಸೂರಿನಿಂದ ಬಂದ ಹೆದ್ದಾರಿ ಇಲ್ಲಿ ಕವಲೊಡೆಯುತ್ತದೆ. ಒಂದು ಸುಲ್ತಾನ್ ಬತ್ತೇರಿಯ ಮೇಲೆ ಕೋಳಿಕ್ಕೋಡಿಗೆ, ಇನ್ನೊಂದು ಊಟಿಗೆ. ಎರಡೂ ಕಾಡು ದಾಟಿ ಘಟ್ಟದ ಕಡೆಗೆ ಹೋಗುವ ದಾರಿಗಳೇ. 2009ರಿಂದ ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಆದ್ದರಿಂದ ಸಂಜೆಯಾಯಿತೆಂದರೆ ತರಕಾರಿ ಲಾರಿಗಳ ಚಾಲಕರಿಗೆ ಮದ್ದೂರು ಇಲ್ಲವೆ ಮೇಲುಕಾಮನಹಳ್ಳಿಯ ಗೇಟು ದಾಟುವ ಅವಸರ. ಹೊಗೆ ಉಗುಳುವ ಲಾರಿ, ಎಳೆಯದ ಲಾರಿ, ಶಿಳ್ಳೆ ಹಾಕುವ ಲಾರಿ ಎಲ್ಲವೂ ಆ ಹೊತ್ತಿಗೆ ಊಟಿ ರಸ್ತೆಯ ಒಂದು ತಗಡಿನ ಶೆಡ್ಡಿನ ಮುಂದೆ ನಿಲ್ಲುತ್ತವೆ. ಅಲ್ಲಿನ ಮೆಕ್ಯಾನಿಕ್‌ಗೆ ಅರವತ್ತು ದಾಟಿದೆ. ಏಳನೇ ತರಗತಿಗೆ ಶಾಲೆ ಬಿಟ್ಟವರು. ಅವರ ಕಪಾಟಿನಲ್ಲಿ ದೇವರ ಪಟದ ಕೆಳಗೆ ಸತ್ತ ಟರ್ಬೊಗಳ ಒಂದು ಸಾಲು ಇದೆ.

ಅವರು ಒಂದನ್ನು ಇಳಿಸಿ ಹುಡುಗನ ಕೈಗೆ ಕೊಟ್ಟರು. ಬೆನ್ನಿಗೆ ಬೆನ್ನು ಹಚ್ಚಿ ಕೂತ ಎರಡು ಬಸವನಹುಳುಗಳಂತೆ ಕಾಣುವ ವಸ್ತು. ಒಂದು ಹುಳು ಎರಕದ ಕಬ್ಬಿಣ, ಇನ್ನೊಂದು ಅಲ್ಯೂಮಿನಿಯಂ. ಕಬ್ಬಿಣದ್ದರೊಳಗೆ ಟರ್ಬೈನು, ಅಲ್ಯೂಮಿನಿಯಂನದರೊಳಗೆ ಗಾಳಿ ಒತ್ತುವ ಕಂಪ್ರೆಸರು, ನಡುವೆ ಕಿರುಬೆರಳಿಗಿಂತ ತೆಳುವಾದ ಒಂದೇ ಉಕ್ಕಿನ ಕಡ್ಡಿ. ಇಂಜಿನ್ ಸುಟ್ಟು ಹೊರಗೆ ಬಿಟ್ಟ ಬಿಸಿ ಹೊಗೆ ಟರ್ಬೈನನ್ನು ತಿರುಗಿಸುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರು ಹೊರಗಿನ ಗಾಳಿಯನ್ನು ಸೆಳೆದು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಇಷ್ಟೇ ಯಂತ್ರ. ಉರಿದ ಇಂಧನದ ಶಕ್ತಿಯಲ್ಲಿ ಮೂರನೇ ಒಂದು ಪಾಲಿನಷ್ಟು ಸೈಲೆನ್ಸರಿನಿಂದ ಹೊರಗೆ ಹೋಗಿ ವ್ಯರ್ಥವಾಗುತ್ತದೆ. ಅದರಲ್ಲಿ ಒಂದಿಷ್ಟನ್ನು ಹಿಡಿದು ಮತ್ತೆ ಕೆಲಸಕ್ಕೆ ಹಚ್ಚುವ ಜಾಣತನ ಇದು. ಪೂರ್ತಿ ಬಿಟ್ಟಿಯೇನಲ್ಲ. ಹೊಗೆಯ ದಾರಿಗೆ ಅಡ್ಡ ಕೂತದ್ದಕ್ಕೆ ಇಂಜಿನ್ ಸ್ವಲ್ಪ ಬೆಲೆ ತೆರಬೇಕಾಗುತ್ತದೆ.

ಗಾಳಿಯನ್ನು ಯಾಕೆ ಇಷ್ಟು ಕಷ್ಟಪಟ್ಟು ತುಂಬಬೇಕು? ವಿದ್ಯಾರ್ಥಿಗಳು ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ನಾಲ್ಕು ಹೊಡೆತದ ಇಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. 796 ಸಿಸಿ ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ನಿಮಿಷಕ್ಕೆ 1,500 ಸಲ 0.796 ಲೀಟರ್, ಅಂದರೆ ಸುಮಾರು 1,200 ಲೀಟರ್. ಸಿಲಿಂಡರ್ ಎಂದೂ ಪೂರ್ತಿ ತುಂಬುವುದಿಲ್ಲ, ಆದ್ದರಿಂದ 1,000 ಲೀಟರ್ ಎನ್ನೋಣ. ಮನೆಯಲ್ಲಿ ನೀರು ತುಂಬಿಡುವ 200 ಲೀಟರಿನ ಡ್ರಮ್ಮುಗಳಲ್ಲಿ ಐದು. ಈ ಕಡೆಯ ಎತ್ತರದಲ್ಲಿ ಅಷ್ಟು ಗಾಳಿಯ ತೂಕ ಒಂದು ಕಿಲೋಗಿಂತ ತುಸು ಹೆಚ್ಚು. ಒಂದು ಗ್ರಾಂ ಪೆಟ್ರೋಲು ಸರಿಯಾಗಿ ಉರಿಯಲು ಬೇಕಾದದ್ದು 14.7 ಗ್ರಾಂ ಗಾಳಿ. ಹಾಗಾದರೆ ಆ ಐದು ಡ್ರಮ್ ಗಾಳಿಗೆ ಸೇರಬಹುದಾದ ಪೆಟ್ರೋಲು ಸುಮಾರು 70 ಗ್ರಾಂ, ಅರ್ಧ ಲೋಟವೂ ಇಲ್ಲ. ಪೆಟ್ರೋಲನ್ನು ಬೇಕಾದಷ್ಟು ಸುರಿಯಬಹುದು, ಅದೇನು ಕಷ್ಟದ ಕೆಲಸವಲ್ಲ. ಗಾಳಿಯನ್ನು ತರುವುದೇ ಕಷ್ಟ. ಇಂಜಿನ್ನಿನ ಶಕ್ತಿ ಎಂದರೆ ಕೊನೆಗೂ ಅದು ಎಷ್ಟು ಗಾಳಿ ಉಸಿರಾಡುತ್ತದೆ ಎಂಬುದು.

ಘಾಟಿಯಲ್ಲಿ ಆ ಉಸಿರೇ ಕಡಿಮೆಯಾಗುತ್ತದೆ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಸಮುದ್ರತೀರದ ಒತ್ತಡದ ಮುಕ್ಕಾಲು ಪಾಲಿನಷ್ಟು ಮಾತ್ರ. ಕಾಗದದ ಮೇಲಿನ 37 ಅಶ್ವಶಕ್ತಿ ಊಟಿಯ ಹತ್ತಿರ 28ರ ಆಸುಪಾಸಿಗೆ ಇಳಿಯುತ್ತದೆ. ಟರ್ಬೊ ಇದ್ದ ಇಂಜಿನ್ನಿಗೆ ಈ ನಷ್ಟ ಅಷ್ಟಾಗಿ ತಟ್ಟದು, ತೆಳುವಾದ ಗಾಳಿಯನ್ನೇ ಹೆಚ್ಚು ಒತ್ತಿ ಸರಿದೂಗಿಸಿಕೊಳ್ಳುತ್ತದೆ. ವಾಸ್ತವವಾಗಿ ಟರ್ಬೊ ಬೆಳೆದದ್ದೇ ಬೆಟ್ಟದ ಮೇಲೆ, ವಿಮಾನಕ್ಕಾಗಿ. ಹೊಗೆಯ ಶಕ್ತಿಯಿಂದ ಗಾಳಿ ಒತ್ತುವ ವಿಚಾರಕ್ಕೆ ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಒಂದು ಲಿಬರ್ಟಿ ವಿಮಾನ ಇಂಜಿನ್ನನ್ನು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಸಾಗಿಸಿ ಅಲ್ಲೇ ಓಡಿಸಿ ನೋಡಿದ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಇಂಜಿನ್ ಮೇಲೆ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದಾಗ 356ಕ್ಕೆ ಏರಿತು. ಕಾರುಗಳಿಗೆ ಅದು ಬಂದದ್ದು ಬಹಳ ತಡವಾಗಿ, 1962ರಲ್ಲಿ, ಅಮೆರಿಕದ ಎರಡು ಮಾದರಿಗಳಲ್ಲಿ. ನಮ್ಮ ರಸ್ತೆಗಳಲ್ಲಿ ಜನ ಆ ಹೆಸರನ್ನು ಮೊದಲು ಓದಿದ್ದು ಲಾರಿಗಳ ಮೈಮೇಲೆ.

ಹುಡುಗನಿಗೆ ಇದೆಲ್ಲ ಗೊತ್ತಿತ್ತು. ಅವನ ಬಳಿ ಇನ್ನೊಂದು ಬಾಣವೂ ಇತ್ತು. ಜಪಾನಿನ ಸುಜುಕಿ ಕಂಪನಿ 1987ರಲ್ಲಿ ಆಲ್ಟೊ ವರ್ಕ್ಸ್ ಎಂಬ ಪುಟ್ಟ ಕಾರು ತಂದಿತ್ತು. ಇಂಜಿನ್ 543 ಸಿಸಿ, ಅಪ್ಪನ ಕಾರಿಗಿಂತಲೂ ಚಿಕ್ಕದು, ಅದೂ ಮೂರು ಸಿಲಿಂಡರಿನದೇ. ಟರ್ಬೊ ಹಚ್ಚಿ 64 ಅಶ್ವಶಕ್ತಿ ತೆಗೆದಿದ್ದರು. "ಅದೇ ವಂಶದ ಗಾಡಿ. ಅವರು ಮಾಡಿದ್ದನ್ನು ನಾವು ಯಾಕೆ ಮಾಡಬಾರದು?" ಎಂದ.

ಮೆಕ್ಯಾನಿಕ್ ಆ ಜಪಾನಿ ಕಾರನ್ನು ಕಂಡವರಲ್ಲ. ಆದರೆ ಪ್ರಶ್ನೆ ಅವರಿಗೆ ಅರ್ಥವಾಯಿತು. "ಅವರು ಟರ್ಬೊಗ ಅಂತ ಇಂಜಿನ್ ಮಾಡವ್ರ ಕೂಸು. ನೀನು ಇಂಜಿನ್‌ಗ ಅಂತ ಟರ್ಬೊ ಹುಡುಕ್ತ ಇದ್ದೀಯ" ಎಂದರು. ಆಮೇಲೆ ಕೈಯಲ್ಲಿದ್ದ ಟರ್ಬೊವಿನ ಕಡ್ಡಿಯನ್ನು ಅಲ್ಲಾಡಿಸಿ ತೋರಿಸಿದರು. ಅದು ಲೊಡಲೊಡ ಎನ್ನುತ್ತಿತ್ತು. ಕಂಪ್ರೆಸರಿನ ರೆಕ್ಕೆಯ ತುದಿಗಳು ಇಲಿ ಕಡಿದ ಹಾಗೆ ಸವೆದಿದ್ದವು. ಚಾಲಕ ಹರಿದ ಏರ್ ಫಿಲ್ಟರಿನಲ್ಲೇ ಒಂದು ವಾರ ಓಡಿಸಿದ್ದನಂತೆ.

ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ ಎರಡು ಲಕ್ಷ ಸುತ್ತು ತಿರುಗುವುದು ಅಸಾಮಾನ್ಯವೇನಲ್ಲ. ಸೆಕೆಂಡಿಗೆ 3,300 ಸುತ್ತು. ರೆಕ್ಕೆಚಕ್ರದ ವ್ಯಾಸ 4 ಸೆಂ.ಮೀ. ಎಂದಿಟ್ಟುಕೊಂಡರೆ ಅದರ ಅಂಚಿನ ವೇಗ ಸೆಕೆಂಡಿಗೆ 400 ಮೀಟರಿಗೂ ಹೆಚ್ಚು, ಎಂದರೆ ಶಬ್ದಕ್ಕಿಂತ ವೇಗ. ಒಂದು ತುದಿಯಲ್ಲಿ ಕೆಂಪಗೆ ಕಾಯುವ ಬಿಸಿ, ಇನ್ನೊಂದು ತುದಿಯಲ್ಲಿ ಹೊರಗಿನ ಗಾಳಿ. ನಡುವೆ ಕಡ್ಡಿಯನ್ನು ಹಿಡಿದಿರುವುದು ಲೋಹವಲ್ಲ, ಎಣ್ಣೆಯ ಒಂದು ತೆಳು ಪದರ. ಇಂಜಿನ್ ಆಯಿಲ್ ಹಳತಾದರೆ, ಕಡಿಮೆಯಾದರೆ, ಅಥವಾ ಘಾಟಿ ಏರಿ ಬಂದ ತಕ್ಷಣ ಕೀಲಿ ತಿರುಗಿಸಿ ಇಂಜಿನ್ ಆರಿಸಿದರೆ ಎಣ್ಣೆಯ ಹರಿವು ನಿಲ್ಲುತ್ತದೆ. ಟರ್ಬೈನಿನ ಬಿಸಿ ಒಳಕ್ಕೆ ಹರಿದು ಉಳಿದ ಎಣ್ಣೆಯನ್ನು ಸುಟ್ಟು ಕರಿ ಮಾಡುತ್ತದೆ. ಅದಕ್ಕೇ ಹಳೆಯ ಲಾರಿ ಚಾಲಕರು ಗಾಡಿ ನಿಲ್ಲಿಸಿದ ಮೇಲೂ ಒಂದೆರಡು ನಿಮಿಷ ಇಂಜಿನ್ ಓಡಲು ಬಿಟ್ಟು ಬೀಡಿ ಹಚ್ಚುವುದು. ಈಗಿನ ಹಲವು ಕಾರುಗಳ ಟರ್ಬೊಗೆ ನೀರಿನ ತಂಪೂ ಇರುವುದರಿಂದ ಈ ಶಿಸ್ತು ಅಷ್ಟು ಕಟ್ಟುನಿಟ್ಟಾಗಿ ಬೇಕಿಲ್ಲ, ಜೋರಾಗಿ ಓಡಿಸಿದ ಮೇಲೆ ಮಾತ್ರ ಒಳ್ಳೆಯದು.

ಆ ಶನಿವಾರ ಹುಡುಗ ಹೆಚ್ಚು ಮಾತಾಡದೆ ಮನೆಗೆ ಬಂದ. ಭಾನುವಾರ ಪಿಯುಸಿ ಓದುವ ಗೆಳೆಯನ ಮನೆಯಿಂದ ಭೌತಶಾಸ್ತ್ರದ ಪುಸ್ತಕ ತಂದ. (ಅಡಿಯಬ್ಯಾಟಿಕ್ ಎಂಬ ಪದವನ್ನು ಸಾವಿರಾರು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅದರಲ್ಲಿ ಎಷ್ಟು ಜನರಿಗೆ ಸೈಕಲ್ ಪಂಪಿನ ತುದಿ ಬಿಸಿಯಾಗುವುದು ಅದರಿಂದಲೇ ಎಂದು ಹೊಳೆದಿರುತ್ತದೋ ಕಾಣೆ.) ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಎಷ್ಟು ಬಿಸಿ? ಹೊರಗಿನ ಗಾಳಿ 30 ಡಿಗ್ರಿ, ಕೆಲ್ವಿನ್‌ನಲ್ಲಿ 303. ಒತ್ತಡವನ್ನು 1.6 ಪಟ್ಟು ಮಾಡಬೇಕು. 1.6ರ ಘಾತ 0.286 ಎಂದರೆ 1.144. ಗುಣಿಸಿದರೆ 347 ಕೆಲ್ವಿನ್, ಎಂದರೆ 44 ಡಿಗ್ರಿ ಏರಿಕೆ. ಇದು ದೋಷವಿಲ್ಲದ ಕಂಪ್ರೆಸರಿನ ಮಾತು. ನಿಜವಾದದ್ದರ ದಕ್ಷತೆ ನೂರಕ್ಕೆ 70 ಎಂದಿಟ್ಟರೆ ಏರಿಕೆ 62 ಡಿಗ್ರಿ. ಇಂಜಿನ್ನಿಗೆ ಹೋಗುವ ಗಾಳಿ 92 ಡಿಗ್ರಿ, ಇಡ್ಲಿ ಪಾತ್ರೆಯ ಹಬೆಗಿಂತ ಸ್ವಲ್ಪವೇ ಕಡಿಮೆ.

ಬಿಸಿಯಾದ ಗಾಳಿ ಹಿಗ್ಗುತ್ತದೆ. ಆದ್ದರಿಂದ ಒತ್ತಡ 1.6 ಪಟ್ಟಾದರೂ ಸಿಲಿಂಡರಿಗೆ ಸೇರುವ ಗಾಳಿಯ ತೂಕ 1.33 ಪಟ್ಟು ಮಾತ್ರ. ನಡುವೆ ಇಂಟರ್‌ಕೂಲರ್ ಎಂಬ ರೇಡಿಯೇಟರಿನಂಥ ಸಾಧನ ಇಟ್ಟು 45 ಡಿಗ್ರಿಗೆ ತಂಪು ಮಾಡಿದರೆ 1.52 ಪಟ್ಟು. ಅವನ ಪಟ್ಟಿಯಲ್ಲಿ ಇಂಟರ್‌ಕೂಲರ್ ಇರಲೇ ಇಲ್ಲ. ಅಪ್ಪ ಬಿ.ಕಾಂ. ಓದಿದವರು. ಕೆಲ್ವಿನ್ ಅವರಿಗೆ ಅರ್ಥವಾಗಲಿಲ್ಲ, ಆದರೆ ಗುಣಾಕಾರಗಳನ್ನು ಮಾತ್ರ ಎರಡು ಸಲ ತಾಳೆ ನೋಡಿದರು.

ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಅಪ್ಪನ ಕಾರಿನ ಇಂಜಿನ್ ತಾನು ಎಳೆದ ಗಾಳಿಯನ್ನು ಸುಮಾರು ಒಂಬತ್ತನೇ ಒಂದು ಪಾಲಿಗೆ ಅದುಮಿ ಕಿಡಿ ಹೊತ್ತಿಸುವಂಥದ್ದು. ಅದುಮುವ ಮೊದಲೇ ಗಾಳಿ 92 ಡಿಗ್ರಿ ಇದ್ದು, ಒತ್ತಡವೂ ಹೆಚ್ಚಿದ್ದರೆ, ಕಿಡಿಯ ಜ್ವಾಲೆ ಮುಟ್ಟುವ ಮುಂಚೆಯೇ ಮೂಲೆಯಲ್ಲಿದ್ದ ಪೆಟ್ರೋಲು ಮಿಶ್ರಣ ತಾನಾಗಿ ಸಿಡಿಯುತ್ತದೆ. ಇದನ್ನೇ ನಾಕಿಂಗ್ ಎನ್ನುವುದು. ಹೊರಗೆ ಕೇಳುವುದು ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಕಟಕಟ ಸದ್ದು, ಒಳಗೆ ಪಿಸ್ಟನ್ನಿನ ತಲೆಗೆ ಸುತ್ತಿಗೆಯ ಏಟು. ಟರ್ಬೊಗೆಂದೇ ಮಾಡಿದ ಪೆಟ್ರೋಲ್ ಇಂಜಿನ್ನುಗಳಲ್ಲಿ ಅದುಮುವ ಪ್ರಮಾಣವನ್ನು ತಗ್ಗಿಸಿರುತ್ತಾರೆ, ಅಥವಾ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಚಿಮ್ಮಿಸಿ ಅದು ಆವಿಯಾಗುವ ತಂಪನ್ನು ಬಳಸಿಕೊಳ್ಳುತ್ತಾರೆ. ನಾಕಿಂಗ್ ಸದ್ದನ್ನು ಕೇಳುವ ಒಂದು ಕಿವಿಯನ್ನೂ ಇಂಜಿನ್ನಿಗೆ ಕಟ್ಟಿರುತ್ತಾರೆ, ಅದು ಕೇಳಿಸಿದೊಡನೆ ಕಿಡಿಯನ್ನು ತಡಮಾಡಲು. ಮಾರುತಿ 800ರ ಇಂಜೆಕ್ಷನ್ ವ್ಯವಸ್ಥೆಗೆ ಒಳಬರುವ ಗಾಳಿಯ ಒತ್ತಡ ವಾತಾವರಣಕ್ಕಿಂತ ಹೆಚ್ಚಾದೀತೆಂದು ಯಾರೂ ಹೇಳಿಕೊಟ್ಟಿಲ್ಲ. ಹೆಚ್ಚಿದ ಗಾಳಿಗೆ ತಕ್ಕ ಪೆಟ್ರೋಲು ಬರದಿದ್ದರೆ ಉರಿಯ ಬಿಸಿ ಮಿತಿ ಮೀರಿ ಪಿಸ್ಟನ್ನೇ ಕರಗಬಹುದು.

ಇನ್ನು ಗುಜರಿಯ ಆ ಟರ್ಬೊ. ಟರ್ಬೊ ಆರಿಸುವವರು ಮೊದಲು ನೋಡಬೇಕಾದದ್ದು ಅದರ ಗಾತ್ರವನ್ನು, ಹುಡುಗರು ನೋಡುವುದು ಕೊನೆಗೆ. ಎರಡೂವರೆ ಲೀಟರ್ ಇಂಜಿನ್ನಿನ ಹೊಗೆಗೆ ಅಳತೆ ಮಾಡಿದ ಟರ್ಬೈನಿಗೆ 796 ಸಿಸಿಯ ಹೊಗೆ ಎಲ್ಲಿ ಸಾಲುತ್ತದೆ? ದೊಡ್ಡ ಬುಗುರಿಗೆ ಸಣ್ಣ ದಾರ ಸುತ್ತಿ ಎಸೆದಂತೆ. ದಿನವೂ ತೆರಕಣಾಂಬಿ ರಸ್ತೆಯಲ್ಲಿ 50–60 ಕಿ.ಮೀ. ವೇಗದಲ್ಲಿ, ಎತ್ತಿನ ಗಾಡಿ, ಟ್ರ್ಯಾಕ್ಟರ್, ಶಾಲೆ ಮಕ್ಕಳ ನಡುವೆ ಓಡುವ ಕಾರಿನ ಇಂಜಿನ್ 1,500ರಿಂದ 3,000 ಸುತ್ತುಗಳ ನಡುವೆಯೇ ಬದುಕುತ್ತದೆ. ದೊಡ್ಡ ಟರ್ಬೊ ಅಲ್ಲಿ ನಿದ್ದೆ ಮಾಡುತ್ತಿರುತ್ತದೆ. ಎದ್ದು ಒತ್ತಡ ಕೊಡುವ ಹೊತ್ತಿಗೆ ಓವರ್‌ಟೇಕ್ ಮಾಡಬೇಕಿದ್ದ ಲಾರಿ ಮುಂದೆ ಹೋಗಿರುತ್ತದೆ, ಅಥವಾ ಎದುರಿನ ಬಸ್ಸು ಹತ್ತಿರ ಬಂದಿರುತ್ತದೆ. ಈ ಕಾಯುವಿಕೆಗೇ ಟರ್ಬೊ ಲ್ಯಾಗ್ ಎನ್ನುವುದು. ದಿನಬಳಕೆಯ ಕಾರಿಗೆ ಬೇಕಾದದ್ದು ಹಗುರವಾದ ಚಕ್ರದ ಚಿಕ್ಕ ಟರ್ಬೊ. ಅದು ಬೇಗ ಎದ್ದೇಳುತ್ತದೆ. ವೇಗ ಹೆಚ್ಚಿದಾಗ ಅದು ಹದ್ದು ಮೀರದಂತೆ ಹೊಗೆಯ ಒಂದು ಪಾಲನ್ನು ಪಕ್ಕಕ್ಕೆ ಬಿಡುವ ಕಿಂಡಿ ಇರುತ್ತದೆ, ಅದು ವೇಸ್ಟ್‌ಗೇಟ್. ಕೆಲವು ಡೀಸೆಲ್ ಕಾರುಗಳಲ್ಲಿ ಟರ್ಬೈನಿನ ಸುತ್ತ ತಿರುಗಿಸಬಲ್ಲ ರೆಪ್ಪೆಗಳನ್ನಿಟ್ಟು ಚಿಕ್ಕ ಟರ್ಬೊ, ದೊಡ್ಡ ಟರ್ಬೊ ಎರಡರ ಗುಣವನ್ನೂ ತಂದಿದ್ದಾರೆ. ಇನ್ನೊಂದು ಮಾತು. ಡೀಸೆಲ್ ಇಂಜಿನ್ನಿನ ಹೊಗೆಗಿಂತ ಪೆಟ್ರೋಲ್ ಇಂಜಿನ್ನಿನ ಹೊಗೆ ಹೆಚ್ಚು ಬಿಸಿ, ಪೂರ್ಣ ಭಾರದಲ್ಲಿ 950 ಡಿಗ್ರಿ ಮುಟ್ಟಬಹುದು. ಅದಕ್ಕಿಂತ ನೂರಾರು ಡಿಗ್ರಿ ಕಡಿಮೆ ಬಿಸಿಗೆಂದು ಮಾಡಿದ ಲೋಹವನ್ನು ತಂದು ಅಲ್ಲಿ ಕೂರಿಸುವುದು ಅಪಾಯ.

ಕಾನೂನೂ ಇದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ್ದಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಎಂದು ಸೇರಿತು. ಗುಮಾಸ್ತರಿಗೆ ಇಂಥ ಕಲಂಗಳು ಬೇಗ ಅರ್ಥವಾಗುತ್ತವೆ. ಆದರೂ ಅವರು ಅದನ್ನು ಮಗನ ಮುಂದೆ ಎತ್ತಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಕಲಂ ತೋರಿಸಿ ಮಗನ ಬಾಯಿ ಮುಚ್ಚಿಸಬಹುದಿತ್ತು.

ಮುಂದಿನ ಶನಿವಾರ ಹುಡುಗ ಮತ್ತೆ ಶೆಡ್ಡಿಗೆ ಹೋದ. ಅವನ ನೋಟ್‌ಬುಕ್ಕಿನಲ್ಲಿ ಈಗ ಇನ್ನೊಂದು ಲೆಕ್ಕವಿತ್ತು, ಅವನಿಗೇ ನಂಬಲಾಗದ್ದು. ಕಾರು ಮತ್ತು ಐದು ಜನ ಸೇರಿ 950 ಕಿಲೋ. ತಿರುವಿನ ಏರು ಐದು ಅಡಿಗೆ ಒಂದು ಅಡಿ ಎಂದೇ ಇಟ್ಟುಕೊಳ್ಳೋಣ, ಅಷ್ಟು ಕಡಿದು. ಗಂಟೆಗೆ 15 ಕಿ.ಮೀ.ನಂತೆ ಹತ್ತಿದರೆ ಬೇಕಾಗುವ ಶಕ್ತಿ 7,800 ವ್ಯಾಟ್, ಅಶ್ವಶಕ್ತಿಯಲ್ಲಿ ಹತ್ತೂವರೆ. ಗೇರು, ಟಯರುಗಳ ನಷ್ಟ ಸೇರಿಸಿದರೂ ಹದಿಮೂರು ದಾಟದು. ತೆಳು ಗಾಳಿಯಲ್ಲೂ ಇಂಜಿನ್ನಿನಲ್ಲಿ 28 ಅಶ್ವಶಕ್ತಿ ಇತ್ತು. ಹಾಗಾದರೆ ಗಾಡಿ ಯಾಕೆ ನಿಂತಿತು?

ಮೆಕ್ಯಾನಿಕ್ ನೋಟ್‌ಬುಕ್ ನೋಡಲಿಲ್ಲ. "ಅವತ್ತು ಇಂಜಿನ್ ಕೂಗ್ತಾ ಇತ್ತಾ, ಇಲ್ಲಾ ಉಸಿರು ಕಟ್ಟಿ ಆಫ್ ಆಯ್ತಾ?" ಎಂದು ಕೇಳಿದರು. ಕೂಗುತ್ತಿತ್ತು. "ವಾಸನೆ ಬಂತಾ?" ಬಂದಿತ್ತು, ಸುಟ್ಟ ವಾಸನೆ, ಇಂಜಿನ್ ಕಾದಿದೆ ಎಂದುಕೊಂಡಿದ್ದರು. ಇಂಜಿನ್ ಕೂಗಿಯೂ ಚಕ್ರ ತಿರುಗದಿದ್ದರೆ ಶಕ್ತಿ ನಡುವೆ ಎಲ್ಲೋ ಸೋರಿಹೋಗುತ್ತಿದೆ ಎಂದರ್ಥ. ಕಾರನ್ನು ಎತ್ತಿ ಗೇರುಪೆಟ್ಟಿಗೆ ಇಳಿಸಿದಾಗ ಕ್ಲಚ್ ಪ್ಲೇಟ್ ಹೊರಬಂತು. ಅದರ ಮೇಲಿನ ಹೊದಿಕೆ ರಿವೆಟ್ಟಿನವರೆಗೂ ಸವೆದಿತ್ತು. ಸಮತಟ್ಟು ರಸ್ತೆಯಲ್ಲಿ ಒಬ್ಬರೇ ಕೂತು ಹೋಗುವಾಗ ಅದು ಹಿಡಿದುಕೊಳ್ಳುತ್ತಿತ್ತು. ಐದು ಜನರ ಭಾರಕ್ಕೆ, ಅಂಥ ಏರಿಗೆ ಜಾರಿತು. ಟರ್ಬೊ ಹಾಕಿದ್ದರೆ ಇನ್ನೂ ಬೇಗ ಜಾರುತ್ತಿತ್ತು. ಕ್ಲಚ್ಚು, ಸ್ಪಾರ್ಕ್ ಪ್ಲಗ್ಗು, ಏರ್ ಫಿಲ್ಟರು, ಮುಂದಿನ ಬ್ರೇಕ್ ಪ್ಯಾಡು, ಎರಡು ಟಯರು, ಎಲ್ಲಕ್ಕೂ ಸೇರಿ 11 ಸಾವಿರ ಖರ್ಚಾಯಿತು. ಬ್ರೇಕಿನ ಮಾತು ಬಂದಾಗ ಮೆಕ್ಯಾನಿಕ್ ಹೇಳಿದರು, ಏರಿದ ಗಾಡಿ ಇಳಿಯಲೂ ಬೇಕಲ್ಲ ಎಂದು. ಕಲ್ಲಟ್ಟಿಯಲ್ಲಿ ಹೊರಗಿನ ವಾಹನಗಳು ಇಳಿಯುವುದಕ್ಕೆ ನಿರ್ಬಂಧ ಬಂದಿರುವುದು ಸುಮ್ಮನೆ ಅಲ್ಲ.

ಠೇವಣಿ ಉಳಿಯಿತು. ಹುಡುಗ 2023ರಲ್ಲಿ ಬಿ.ಇ. ಸೇರಿದ. ಮೆಕ್ಯಾನಿಕ್ ಕೊಟ್ಟ ಆ ಲೊಡಲೊಡ ಟರ್ಬೊ ಅವನ ಹಾಸ್ಟೆಲ್ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ.

2024ರಲ್ಲಿ ಹಳೆಯ ಕಾರಿನ ತಳದ ತಗಡು ತುಕ್ಕು ಹಿಡಿದು, ಬೇರೆ ಕಾರು ಕೊಳ್ಳಲೇಬೇಕಾಯಿತು. ಈ ಸಲ ಲೆಕ್ಕ ಹಾಕಿದವನು ಮಗ, ಪಟ್ಟು ಹಿಡಿದವರು ಅಪ್ಪ. ಮಗನ ಸಲಹೆ ಟರ್ಬೊ ಇಲ್ಲದ 1.2 ಲೀಟರ್ ಪೆಟ್ರೋಲ್ ಕಾರು. ಸಮತಟ್ಟು ದಾರಿ, ನಿಧಾನದ ಚಾಲನೆ, ಕಡಿಮೆ ಬಿಡಿಭಾಗ, ಕಡಿಮೆ ಖರ್ಚು. ಸೆಕೆಂಡ್ ಹ್ಯಾಂಡ್ ಡೀಸೆಲ್ ಎಂದರೆ ಒಂದು ಕಾಲದಲ್ಲಿ ಹತ್ತಾರು ಕಾರುಗಳಿಗೆ ಹಾಕಿದ್ದ, ಫಿಯೆಟ್ ರೂಪಿಸಿದ 1.3 ಲೀಟರ್ ಟರ್ಬೊ ಇಂಜಿನ್ ಸಿಗುತ್ತಿತ್ತು. 2,000 ಸುತ್ತಿಗೆ 190 ನ್ಯೂಟನ್ ಮೀಟರ್ ತಿರುಚುಬಲ, ಆದರೆ ಅದಕ್ಕಿಂತ ಕೆಳಗೆ ಸೋಮಾರಿ. ಕೊಳ್ಳುವುದಾದರೆ ಗಾಳಿಯ ಪೈಪು ಬಿಚ್ಚಿ ಒಳಗೆ ಎಣ್ಣೆ ಕೂತಿದೆಯೇ ನೋಡಬೇಕು, ಕಡ್ಡಿಯನ್ನು ಬೆರಳಿನಿಂದ ಅಲ್ಲಾಡಿಸಬೇಕು, ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ಒಮ್ಮೆ ಅದುಮಿದಾಗ ನೀಲಿ ಹೊಗೆ ಬಂದರೆ ಹಿಂದಿರುಗಬೇಕು. ಇವು ಮೆಕ್ಯಾನಿಕ್‌ರ ಮಾತು. ಎರಡು ಕಾರು ನೋಡಿದರು, ಎರಡರಲ್ಲೂ ನೀಲಿ ಹೊಗೆ.

ಅಪ್ಪನಿಗೆ ಬೇಕಿದ್ದದ್ದು ಮಾತ್ರ ಒಂದು ಲೀಟರಿನ ಟರ್ಬೊ ಪೆಟ್ರೋಲ್. ಇಂಥ ಪುಟ್ಟ ಟರ್ಬೊಗಳ ಸೊಗಸು ಎಲ್ಲಿದೆ ಎಂಬುದಕ್ಕೆ 2023ರಲ್ಲಿ ಬಂದ ಮಾರುತಿ ಫ್ರಾಂಕ್ಸ್ ಒಳ್ಳೆಯ ಉದಾಹರಣೆ. ಒಂದೇ ಕಾರಿಗೆ ಎರಡು ಬಗೆಯ ಇಂಜಿನ್. 1.2 ಲೀಟರಿನದು ಸುಮಾರು 90 ಅಶ್ವಶಕ್ತಿ, 1 ಲೀಟರ್ ಟರ್ಬೊ 100. ಇಷ್ಟಕ್ಕೆ ಬೆರಗಾಗಬೇಕಿಲ್ಲ. ಆದರೆ ಮೊದಲನೆಯದು 113 ನ್ಯೂಟನ್ ಮೀಟರ್ ತಿರುಚುಬಲವನ್ನು 4,400 ಸುತ್ತಿಗೆ ಕೊಟ್ಟರೆ, ಟರ್ಬೊ 148ರಷ್ಟನ್ನು 2,000 ಸುತ್ತಿನಿಂದಲೇ ಕೊಡಲು ಶುರುಮಾಡಿ 4,500ರವರೆಗೂ ಬಿಡದೆ ಕೊಡುತ್ತದೆ. ಕೆಳಗಿನ ಸುತ್ತುಗಳಲ್ಲಿ ಎಳೆಯುವ ಈ ಗುಣವೇ ಘಾಟಿಯಲ್ಲಿ ಬೇಕಾದದ್ದು. ಮೈಲೇಜಿನ ಮಾತು ಬೇರೆ. ನಯವಾಗಿ ಓಡಿಸಿದರೆ ಅದು ಚಿಕ್ಕ ಇಂಜಿನ್ನಿನಂತೆ ಕುಡಿಯುತ್ತದೆ, ಅದುಮಿದರೆ ದೊಡ್ಡ ಇಂಜಿನ್ನಿನಂತೆ. ಎಷ್ಟು ಗಾಳಿಯೋ ಅಷ್ಟು ಪೆಟ್ರೋಲು.

"ತೆರಕಣಾಂಬಿ ರೋಡಿಗೆ ಇದು ಬೇಡಪ್ಪ" ಎಂದ ಮಗ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಮ್ಮ ಅವತ್ತು ಇಳಿದು ನಡೆದಳಲ್ಲ" ಎಂದರು. ಕ್ಲಚ್ಚಿನ ಲೆಕ್ಕವನ್ನು ಮಗ ಮತ್ತೆ ಎತ್ತಲಿಲ್ಲ.

2020ರ ಮಾದರಿಯ ಒಂದು ಕಾರು ಮೈಸೂರಿನಲ್ಲಿ ಸಿಕ್ಕಿತು. ಸರ್ವಿಸ್ ಪುಸ್ತಕದಲ್ಲಿ ಆಯಿಲ್ ಬದಲಾಯಿಸಿದ ದಿನಾಂಕಗಳು ತಪ್ಪದೆ ಇದ್ದವು. ಅದನ್ನು ನೋಡಿಯೇ ಮೆಕ್ಯಾನಿಕ್ ತಲೆಯಾಡಿಸಿದ್ದು. ಆ ಬೇಸಿಗೆಯಲ್ಲಿ ಅದೇ ಐದು ಜನ ಅದೇ ಘಾಟಿ ಏರಿದರು. ಆ ತಿರುವು ಬಂದಾಗ ಕಾರಿನೊಳಗೆ ಯಾರೂ ಮಾತಾಡಲಿಲ್ಲ. ಎರಡನೇ ಗೇರಿನಲ್ಲೇ ಹೋಯಿತು. ಅಮ್ಮ ಮಾತ್ರ ಕಿಟಕಿಯಿಂದ ಹೊರಗೆ ನೋಡಿ, "ಇಲ್ಲೊಂದು ನೇರಳೆ ಗಿಡ ಇತ್ತು, ನಡೆಯುವಾಗ ನೋಡಿದ್ದೆ" ಎಂದರು.

ಈಗಲೂ ಸಂಜೆ ಆರೂವರೆಗೆ ಕಾರು ಚಾಮರಾಜನಗರದ ಆ ಬೀದಿಗೆ ಬಂದು ನಿಲ್ಲುತ್ತದೆ. ಇಂಜಿನ್ ಆರುವುದಿಲ್ಲ. ಸಮತಟ್ಟು ರಸ್ತೆಯಲ್ಲಿ 50ರ ವೇಗದಲ್ಲಿ ಬಂದ ಗಾಡಿಗೆ ಅದು ಬೇಕಿಲ್ಲವೆಂದು ಮಗ ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದಾನೆ. ಗುಮಾಸ್ತರು ಸ್ಟಿಯರಿಂಗ್ ಹಿಡಿದು ಕೈಗಡಿಯಾರ ನೋಡುತ್ತಾ ಕೂತಿರುತ್ತಾರೆ, ಪೂರ್ತಿ ಒಂದು ನಿಮಿಷ. ಒಳಗಿನಿಂದ ಕಾಫಿ ಆರುತ್ತದೆ ಎಂಬ ಕೂಗು ಬರುತ್ತದೆ.